ವೈ ಒತ್ತುವ ಮುನ್ನ: ಉಬುಂಟು, ಡೆಬಿಯನ್‌ಗಳಲ್ಲಿ ಪ್ಯಾಕೇಜು ಹಾಕುವುದು, ತೆಗೆಯುವುದು

ಸರ್ವರ್‌ನಲ್ಲಿ ತಯಾರಾಗುವ ಪಿಡಿಎಫ್ ಬಿಲ್ಲಿನಲ್ಲಿ ಕನ್ನಡ ಇರಬೇಕಾದ ಕಡೆಯೆಲ್ಲ ಬರೀ ಚೌಕಗಳು ಬರುತ್ತಿದ್ದರೆ, ಬಹಳಷ್ಟು ಸಲ ತಪ್ಪು ಬಿಲ್ ಮಾಡುವ ಪ್ರೋಗ್ರಾಮಿನದಲ್ಲ. ಆ ಯಂತ್ರದಲ್ಲಿ ಕನ್ನಡದ ಫಾಂಟೇ ಇರುವುದಿಲ್ಲ. ಉಬುಂಟು ಅಥವಾ ಡೆಬಿಯನ್ ಎಂಬ ಲಿನಕ್ಸ್ ಓಡುವ ಸರ್ವರ್ ಆದರೆ, ಫಾಂಟಿನ ಪ್ಯಾಕೇಜನ್ನು (ಸಾಫ್ಟ್‌ವೇರನ್ನು ಕಟ್ಟಿ ಕೊಡುವ ಕಡತ) ಹಾಕುವುದು ಎರಡು ಸಾಲಿನ ಕೆಲಸ:

ಸುಡೊ ಆ್ಯಪ್ಟ್ ಅಪ್‌ಡೇಟ್
ಸುಡೊ ಆ್ಯಪ್ಟ್ ಇನ್‌ಸ್ಟಾಲ್ ಫಾಂಟ್ಸ್-ಲೋಹಿತ್-ಕೆಎನ್‌ಡಿಎ

(ಕಮಾಂಡುಗಳನ್ನೂ ಫೋಲ್ಡರುಗಳ ಹೆಸರನ್ನೂ ಇಲ್ಲಿ ಓದುವ ಹಾಗೆ ಕನ್ನಡದಲ್ಲೇ ಬರೆದಿದೆ. ಟರ್ಮಿನಲ್‌ನಲ್ಲಿ ಹೊಡೆಯುವಾಗ ಬೇರೆ ಹೇಳದ ಕಡೆಯೆಲ್ಲ ಇಂಗ್ಲಿಷಿನ ಸಣ್ಣಕ್ಷರಗಳೇ ಬೇಕು. ಹೈಫನ್, ಓರೆಗೆರೆ, ಚುಕ್ಕಿ ಇದ್ದಲ್ಲೇ ಇರಲಿ. ‘ಸುಡೊ’ ಎಂದರೆ ಮುಂದಿನ ಕಮಾಂಡನ್ನು ರೂಟ್, ಅಂದರೆ ಯಂತ್ರದ ಪೂರ್ತಿ ಅಧಿಕಾರ ಇರುವ ಬಳಕೆದಾರನ ಹೆಸರಲ್ಲಿ ಓಡಿಸು ಎಂದು.)

ಎರಡೂ ಸಾಲು ಅಕ್ಕಪಕ್ಕ ಬರುತ್ತವೆ ಎಂದು ಅವನ್ನು ಒಂದೇ ಮಂತ್ರದ ಹಾಗೆ ಹೇಳಿಕೊಳ್ಳುವವರೇ ಹೆಚ್ಚು. ಆದರೆ ಇವೆರಡರ ಕೆಲಸ ಬೇರೆ ಬೇರೆ, ಮುಟ್ಟುವ ಕಡತಗಳೂ ಬೇರೆ. ನಿಮ್ಮ ಯಂತ್ರದಲ್ಲಿ ಎರಡು ಪಟ್ಟಿಗಳಿವೆ. ಒಂದು, ಹೊರಗೆ ಏನೇನು ಸಿಗುತ್ತದೆ ಎನ್ನುವುದು. ಅದು /ವಾರ್/ಲಿಬ್/ಆ್ಯಪ್ಟ್/ಲಿಸ್ಟ್ಸ್ ಫೋಲ್ಡರಿನಲ್ಲಿದೆ. ಇನ್ನೊಂದು, ಈ ಯಂತ್ರದಲ್ಲಿ ಈಗ ಏನೇನಿದೆ ಎನ್ನುವುದು. ಅದು /ವಾರ್/ಲಿಬ್/ಡಿಪಿಕೆಜಿ/ಸ್ಟೇಟಸ್ ಎಂಬ ಒಂದೇ ಕಡತದಲ್ಲಿದೆ. ಪ್ಯಾಕೇಜು ಹಾಕುವಾಗ ಬರುವ ಎರರ್‌ಗಳಲ್ಲಿ ಬಹುಪಾಲು ಈ ಎರಡು ಪಟ್ಟಿಗಳಲ್ಲಿ ಒಂದು ಹಳತಾದದ್ದರಿಂದಲೋ ಅರ್ಧಕ್ಕೆ ನಿಂತದ್ದರಿಂದಲೋ ಬರುತ್ತವೆ. ಯಾವ ಪಟ್ಟಿಯ ತಕರಾರು ಎಂದು ಗೊತ್ತಾದರೆ ಮದ್ದೂ ತಾನಾಗಿ ಗೊತ್ತಾಗುತ್ತದೆ.

‘ಆ್ಯಪ್ಟ್ ಅಪ್‌ಡೇಟ್’ ಮುಟ್ಟುವುದು ಮೊದಲನೆಯ ಪಟ್ಟಿಯನ್ನು ಮಾತ್ರ. ಹೆಸರಿನಲ್ಲಿ ಅಪ್‌ಡೇಟ್ ಇದ್ದರೂ ಅದು ಒಂದು ಸಾಫ್ಟ್‌ವೇರನ್ನೂ ಹೊಸದು ಮಾಡುವುದಿಲ್ಲ. ಪರದೆಯ ಮೇಲೆ ಓಡುವ ಸಾಲುಗಳಲ್ಲಿ ‘ಹಿಟ್’ ಎಂದಿದ್ದರೆ ಆ ಪಟ್ಟಿ ಬದಲಾಗಿಲ್ಲ, ‘ಗೆಟ್’ ಎಂದಿದ್ದರೆ ಹೊಸದನ್ನು ಇಳಿಸಿಕೊಂಡಿತು, ‘ಎರ್’ ಎಂದಿದ್ದರೆ ಆ ರೆಪಾಸಿಟರಿ (ಪ್ಯಾಕೇಜುಗಳನ್ನು ಇಟ್ಟಿರುವ ಸರ್ವರ್) ಸಿಗಲಿಲ್ಲ. ಒಂದು ಎರ್ ಬಂದರೂ ಉಳಿದ ಪಟ್ಟಿಗಳು ಬಂದಿರುತ್ತವೆ. ಹಾಗಾಗಿ ಜನ ಅದನ್ನು ನೋಡದೆ ಮುಂದೆ ಹೋಗುತ್ತಾರೆ. ಆ ರೆಪಾಸಿಟರಿಯ ಹಳೆಯ ಪಟ್ಟಿಯೇ ಉಳಿದುಕೊಂಡು ಆಮೇಲೆ ಕಾಡುತ್ತದೆ.

ಎರಡನೆಯ ಪಟ್ಟಿಯ ಯಜಮಾನ ಡಿಪಿಕೆಜಿ ಎಂಬ ಪ್ರೋಗ್ರಾಮು. ನಿಜವಾಗಿ ಪ್ಯಾಕೇಜು ಬಿಚ್ಚಿ ಕಡತಗಳನ್ನು ಜಾಗಕ್ಕೆ ಇಡುವುದು ಅದೇ. ಆದರೆ ಒಂದು ಪ್ಯಾಕೇಜಿಗೆ ಇನ್ನೇನು ಬೇಕು, ಅದು ಎಲ್ಲಿ ಸಿಗುತ್ತದೆ ಎಂದು ಹುಡುಕಿ ತರುವ ಕೆಲಸ ಅದಕ್ಕೆ ಗೊತ್ತಿಲ್ಲ. ಬೇಕಾದದ್ದು ಇಲ್ಲ ಎಂದು ದೂರಿ ಸುಮ್ಮನಾಗುತ್ತದೆ. ಹುಡುಕಿ ತರುವ ಬುದ್ಧಿ ಆ್ಯಪ್ಟ್‌ನದು. ಅದು 1999ರ ಡೆಬಿಯನ್ 2.1ರ ಜೊತೆ ಬಂತು. ಬಹಳ ವರ್ಷ ಆ್ಯಪ್ಟ್-ಗೆಟ್, ಆ್ಯಪ್ಟ್-ಕ್ಯಾಶ್ ಎಂದು ಬೇರೆ ಬೇರೆ ಕಮಾಂಡುಗಳಿದ್ದವು. ಬರೀ ‘ಆ್ಯಪ್ಟ್’ ಎಂಬ ಚಿಕ್ಕ ಕಮಾಂಡು 2014ರ 1.0 ಆವೃತ್ತಿಯಿಂದ ಬಳಕೆಗೆ ಬಂತು. ಕೈಯಿಂದ ಹೊಡೆಯುವಾಗ ಆ್ಯಪ್ಟ್ ಚೆಂದ, ಸ್ಕ್ರಿಪ್ಟ್ ಬರೆಯುವಾಗ ಆ್ಯಪ್ಟ್-ಗೆಟ್ ಬಳಸಿ. ಆ್ಯಪ್ಟ್‌ನ ಔಟ್‌ಪುಟ್ ಆವೃತ್ತಿಯಿಂದ ಆವೃತ್ತಿಗೆ ಬದಲಾಗಬಹುದು ಎಂದು ಅದೇ ಎಚ್ಚರಿಸುತ್ತದೆ.

ಒಂದು ಪ್ಯಾಕೇಜಿನ ಒಳಗೆ

ಪ್ಯಾಕೇಜು ಕಟ್ಟಿಬರುವ ಡೆಬ್ ಕಡತವೆಂದರೆ ವಿಂಡೋಸ್‌ನ ಸೆಟಪ್ ಕಡತದ ಹಾಗೆ ತಾನೇ ಓಡುವ ಪ್ರೋಗ್ರಾಮಲ್ಲ. ‘ಆ್ಯಪ್ಟ್ ಡೌನ್‌ಲೋಡ್ ಫಾಂಟ್ಸ್-ಲೋಹಿತ್-ಕೆಎನ್‌ಡಿಎ’ ಎಂದರೆ ಪ್ಯಾಕೇಜು ಇನ್‌ಸ್ಟಾಲ್ ಆಗದೆ ಬರೀ ಕಡತವಾಗಿ ನೀವಿರುವ ಫೋಲ್ಡರಿಗೆ ಬಂದು ಕೂರುತ್ತದೆ. ಅದರ ಮೇಲೆ ‘ಎಆರ್ ಟಿ’ ಕಮಾಂಡು ಓಡಿಸಿದರೆ ಒಳಗೆ ಮೂರೇ ವಸ್ತು ಕಾಣುತ್ತವೆ. ಮೊದಲನೆಯದು ಡೆಬಿಯನ್-ಬೈನರಿ. ಅದರಲ್ಲಿರುವುದು 2.0 ಎಂಬ ಒಂದು ಸಾಲು, ಪ್ಯಾಕೇಜು ಯಾವ ವಿನ್ಯಾಸದ್ದು ಎಂದು ಹೇಳಲು. ಮೂರನೆಯದು ಡೇಟಾ ಎಂಬ ಟಾರ್ ಕಟ್ಟು. ನಿಮ್ಮ ಡಿಸ್ಕಿಗೆ ಬಂದು ಸೇರುವ ಕಡತಗಳೆಲ್ಲ ಅದರಲ್ಲಿ, ಎಲ್ಲಿ ಇರಬೇಕೋ ಆ ದಾರಿಯ ಸಮೇತ ಇರುತ್ತವೆ. ನಡುವಿನ ಕಂಟ್ರೋಲ್ ಕಟ್ಟೇ ಕುತೂಹಲದ್ದು. ಹೆಸರು, ಆವೃತ್ತಿ, ಯಾವ ಪ್ಯಾಕೇಜುಗಳಿಲ್ಲದೆ ಇದು ನಡೆಯುವುದಿಲ್ಲ ಎನ್ನುವ ವಿವರ ಅದರಲ್ಲಿದೆ. ಅವುಗಳ ಜೊತೆ ನಾಲ್ಕು ಸ್ಕ್ರಿಪ್ಟುಗಳೂ ಇರಬಹುದು: ಪ್ರಿಇನ್‌ಸ್ಟ್, ಪೋಸ್ಟ್‌ಇನ್‌ಸ್ಟ್, ಪ್ರಿಆರ್‌ಎಂ, ಪೋಸ್ಟ್‌ಆರ್‌ಎಂ. ಹಾಕುವ ಮುಂಚೆ, ಹಾಕಿದ ಮೇಲೆ, ತೆಗೆಯುವ ಮುಂಚೆ, ತೆಗೆದ ಮೇಲೆ ಓಡುವಂಥವು.

ಈ ಸ್ಕ್ರಿಪ್ಟುಗಳು ಓಡುವುದು ರೂಟ್ ಅಧಿಕಾರದಲ್ಲಿ. ಯಾವುದೋ ಜಾಲತಾಣದಿಂದ ತಂದ ಡೆಬ್ ಕಡತವನ್ನು ಇನ್‌ಸ್ಟಾಲ್ ಮಾಡುವುದೆಂದರೆ ಅದನ್ನು ಕಟ್ಟಿದವರ ಕೈಗೆ ಇಡೀ ಯಂತ್ರವನ್ನು ಕೊಟ್ಟಂತೆ. ಅನುಮಾನವಿದ್ದರೆ ‘ಡಿಪಿಕೆಜಿ-ಡೆಬ್ -ಇ’ ಎಂದು ಕಂಟ್ರೋಲ್ ಕಟ್ಟನ್ನು ಮಾತ್ರ ಬಿಚ್ಚಿ ಆ ಸ್ಕ್ರಿಪ್ಟುಗಳನ್ನು ಓದಿ. ಅವು ಹೆಚ್ಚಾಗಿ ಸಾದಾ ಶೆಲ್ ಸ್ಕ್ರಿಪ್ಟುಗಳು.

ಅಧಿಕೃತ ರೆಪಾಸಿಟರಿಯಿಂದ ಬರುವುದಕ್ಕೆ ಈ ಅನುಮಾನ ಯಾಕೆ ಬೇಡ? ಅಪ್‌ಡೇಟ್ ಮಾಡಿದಾಗ ಮೊದಲು ಇಳಿಯುವ ಇನ್‌ರಿಲೀಸ್ ಎಂಬ ಕಡತದ ಮೇಲೆ ಡೆಬಿಯನ್ ಅಥವಾ ಉಬುಂಟುವಿನ ಡಿಜಿಟಲ್ ಸಹಿ ಇರುತ್ತದೆ. ಆ ಕಡತದಲ್ಲಿ ಪ್ಯಾಕೇಜು ಪಟ್ಟಿಗಳ ಹ್ಯಾಶ್ (ಕಡತ ಒಂಚೂರು ಬದಲಾದರೂ ಬದಲಾಗುವ, ಬೆರಳಚ್ಚಿನಂಥ ಸಂಖ್ಯೆ) ಇರುತ್ತದೆ, ಆ ಪಟ್ಟಿಗಳಲ್ಲಿ ಒಂದೊಂದು ಡೆಬ್ ಕಡತದ ಹ್ಯಾಶ್ ಇರುತ್ತದೆ. ಮೇಲಿನ ಸಹಿ ಸರಿಯಿದ್ದರೆ ಕೆಳಗಿನದೆಲ್ಲ ಲೆಕ್ಕಕ್ಕೆ ಸಿಗುತ್ತದೆ. ನಡುವೆ ನಕಲು ಇಟ್ಟಿರುವ ಯಾವ ಮಿರರ್ ಸರ್ವರ್‌ನಿಂದ ಕಡತ ಬಂದರೂ ಪರವಾಗಿಲ್ಲ. ‘ನೋ ಪಬ್‌ಕೀ’ ಎಂಬ ಎರರ್ ಬಂತೆಂದರೆ ಈ ಸರಪಳಿಯ ಮೊದಲ ಕೊಂಡಿಯೇ ಇಲ್ಲ, ಸಹಿ ಯಾರದ್ದೆಂದು ಪರೀಕ್ಷಿಸಲು ಕೀಲಿ ನಿಮ್ಮಲ್ಲಿಲ್ಲ ಎಂದು ಅರ್ಥ. ಅದಕ್ಕೆ ‘ಟ್ರಸ್ಟೆಡ್=ಯೆಸ್’ ಎಂದು ಸೇರಿಸಿ ಬಾಯಿ ಮುಚ್ಚಿಸುವ ಸಲಹೆ ಅಲ್ಲಲ್ಲಿ ಸಿಗುತ್ತದೆ, ಅದನ್ನು ಮಾಡಬೇಡಿ. ಆ್ಯಪ್ಟ್-ಕೀ ಕಮಾಂಡೂ ಹಳೆಯ ದಾರಿ. ಅದರಲ್ಲಿ ಸೇರಿಸಿದ ಕೀಲಿಯನ್ನು ಎಲ್ಲ ರೆಪಾಸಿಟರಿಗಳಿಗೂ ಒಪ್ಪಿಕೊಳ್ಳಲಾಗುತ್ತಿತ್ತು. ಈಗ ಕೀಲಿಯನ್ನು /ಇಟಿಸಿ/ಆ್ಯಪ್ಟ್/ಕೀರಿಂಗ್ಸ್ ಒಳಗಿಟ್ಟು, ಆಯಾ ರೆಪಾಸಿಟರಿಯ ವಿವರದಲ್ಲಿ ‘ಸೈನ್ಡ್-ಬೈ’ ಎಂದು ಆ ಒಂದಕ್ಕೆ ಮಾತ್ರ ಕಟ್ಟಿಹಾಕುತ್ತಾರೆ.

ಅದು ಹೇಳುವುದನ್ನು ಓದಿ

ಇನ್‌ಸ್ಟಾಲ್ ಎಂದ ಕೂಡಲೇ ಆ್ಯಪ್ಟ್ ಕೆಲಸ ಶುರುಮಾಡುವುದಿಲ್ಲ. ಎರಡೂ ಪಟ್ಟಿಗಳನ್ನು ಹೋಲಿಸಿ ಒಂದು ಯೋಜನೆ ಮಾಡಿ ಮುಂದಿಡುತ್ತದೆ: ಹೊಸದಾಗಿ ಬರುವವು ಇವು, ಆವೃತ್ತಿ ಏರುವವು ಇವು, ತೆಗೆದುಹಾಕುವವು ಇವು, ಇಷ್ಟು ಡೌನ್‌ಲೋಡ್, ಡಿಸ್ಕಿನಲ್ಲಿ ಇಷ್ಟು ಜಾಗ. ಕೊನೆಗೆ ವೈ ಅಥವಾ ಎನ್ ಎಂದು ಕೇಳುತ್ತದೆ. ಬರೀ ಎಂಟರ್ ಒತ್ತಿದರೂ ಅದು ವೈ ಎಂದೇ ಲೆಕ್ಕ. ನೀವು ಹೆಸರಿಸಿದ್ದು ಬಿಟ್ಟು ಬೇರೇನೂ ಬದಲಾಗದಿದ್ದರೆ ಈ ಪ್ರಶ್ನೆಯೇ ಬರುವುದಿಲ್ಲ. ಲೋಹಿತ್ ಫಾಂಟೊಂದನ್ನೇ ಹಾಕುವಾಗ ಅದು ಕೇಳದೆ ಮುಗಿಸಿದರೆ ಗಾಬರಿ ಬೇಡ. ಕೇಳಿತೆಂದರೆ ಮಾತ್ರ, ನೀವು ಹೇಳದ ಏನೋ ಒಂದು ಆಗಲಿದೆ ಎಂದು ಅರ್ಥ.

ಎಲ್ಲಾ ಸಾಲು ಓದಲು ಪುರುಸೊತ್ತಿಲ್ಲದಿದ್ದರೆ ಎರಡನ್ನಾದರೂ ಓದಿ. ಒಂದು, ‘ರಿಮೂವ್ಡ್’ (ಹೊಸ ಆವೃತ್ತಿಗಳಲ್ಲಿ ‘ರಿಮೂವಿಂಗ್’) ಎಂದು ದೊಡ್ಡಕ್ಷರದಲ್ಲಿ ಬರುವ ತಲೆಬರಹದ ಕೆಳಗಿನ ಹೆಸರುಗಳು. ಇನ್ನೊಂದು, ಎಷ್ಟು ಹೊಸತು, ಎಷ್ಟು ತೆಗೆಯುವುದು ಎಂದು ಎಣಿಸಿ ಹೇಳುವ ಸಾಲು. ಏನನ್ನೋ ಹಾಕಲು ಹೊರಟಾಗ ತೆಗೆಯುವ ಲೆಕ್ಕ ಸೊನ್ನೆ ಇಲ್ಲದಿದ್ದರೆ ಕೈ ತಡೆಯಿರಿ. 2021ರಲ್ಲಿ ಯೂಟ್ಯೂಬಿನ ಲೀನಸ್ ಸೆಬಾಸ್ಟಿಯನ್ ಉಬುಂಟುವಿನಿಂದ ಬೆಳೆದ ಪಾಪ್ ಓಎಸ್‌ನಲ್ಲಿ ಸ್ಟೀಮ್ ಎಂಬ ಆಟಗಳ ಆ್ಯಪ್ ಹಾಕಲು ಹೋದಾಗ ಆದದ್ದು ಇದೇ. ಆಗ ಆ ಪ್ಯಾಕೇಜಿನ ಡಿಪೆಂಡೆನ್ಸಿಯಲ್ಲಿ, ಅಂದರೆ ಅದಕ್ಕೆ ಬೇಕಾದ ಇತರ ಪ್ಯಾಕೇಜುಗಳ ಲೆಕ್ಕದಲ್ಲಿ, ತೊಡಕಿತ್ತು. ಸ್ಟೀಮ್ ಬರಬೇಕಾದರೆ ಡೆಸ್ಕ್‌ಟಾಪೇ ಹೋಗಬೇಕು ಎಂದು ಆ್ಯಪ್ಟ್ ಯೋಜನೆ ಹಾಕಿತು, ಅಗತ್ಯದ ಪ್ಯಾಕೇಜುಗಳು ಹೋಗುತ್ತವೆ ಎಂದು ಎಚ್ಚರಿಸಿತು, ಖಚಿತಪಡಿಸಲು ಒಂದು ಇಡೀ ವಾಕ್ಯವನ್ನೇ ಟೈಪ್ ಮಾಡಲು ಹೇಳಿತು. ಅವರು ಟೈಪ್ ಮಾಡಿದರು, ಡೆಸ್ಕ್‌ಟಾಪ್ ಹೋಯಿತು. ಲಕ್ಷಾಂತರ ಜನ ನೋಡಿದ ಆ ವಿಡಿಯೊದ ಬಳಿಕ ಅಂಥ ವಾಕ್ಯ ಟೈಪ್ ಮಾಡಿ ದಾಟಿಹೋಗುವ ದಾರಿಯನ್ನೇ ಆ್ಯಪ್ಟ್‌ನಲ್ಲಿ ಬಿಗಿ ಮಾಡಿದರು.

ಇದೇ ಕಾರಣಕ್ಕೆ ಇಂಟರ್‌ನೆಟ್ಟಿನಲ್ಲಿ ಸಿಗುವ ‘-ವೈ’ ಸೇರಿಸಿದ ಕಮಾಂಡುಗಳನ್ನು ಹಾಗೇ ಅಂಟಿಸಬೇಡಿ. ಸ್ಕ್ರಿಪ್ಟಿನಲ್ಲಿ ಅದು ಬೇಕು, ಕೈಕೆಲಸದಲ್ಲಿ ಬೇಡ. ಮೊದಲು ‘-ಎಸ್’ ಹಾಕಿ ನೋಡಿ. ‘ಆ್ಯಪ್ಟ್ -ಎಸ್ ಇನ್‌ಸ್ಟಾಲ್’ ಯೋಜನೆಯನ್ನು ತೋರಿಸಿ ಸುಮ್ಮನಾಗುತ್ತದೆ, ಅದಕ್ಕೆ ಸುಡೊ ಕೂಡ ಬೇಡ.

ಹೊಸದಾಗಿ ಬರುವ ಪಟ್ಟಿ ನಿರೀಕ್ಷೆಗಿಂತ ಉದ್ದವಿದ್ದರೆ ಕಾರಣ ಸಾಮಾನ್ಯವಾಗಿ ‘ರೆಕಮೆಂಡ್ಸ್’. ಡಿಪೆಂಡ್ಸ್ ಎಂದರೆ ಇಲ್ಲದೆ ನಡೆಯದು. ರೆಕಮೆಂಡ್ಸ್ ಎಂದರೆ ಹೆಚ್ಚಿನವರಿಗೆ ಬೇಕಾಗುತ್ತದೆ, ಇಲ್ಲದೆಯೂ ನಡೆಯುತ್ತದೆ. ಎರಡನ್ನೂ ಹಾಕುವುದು ಆ್ಯಪ್ಟ್‌ನ ರೂಢಿ. ‘--ನೋ-ಇನ್‌ಸ್ಟಾಲ್-ರೆಕಮೆಂಡ್ಸ್’ ಸೇರಿಸಿದರೆ ಎರಡನೆಯದನ್ನು ಬಿಡುತ್ತದೆ. ಡಾಕರ್ ಇಮೇಜು (ಪ್ರೋಗ್ರಾಮನ್ನು ಅದಕ್ಕೆ ಬೇಕಾದದ್ದರ ಸಮೇತ ಕಟ್ಟಿಡುವ ಪೊಟ್ಟಣ) ಕಟ್ಟುವವರು ಇದನ್ನು ತಪ್ಪದೆ ಬಳಸುತ್ತಾರೆ. ಡೆಸ್ಕ್‌ಟಾಪಿನಲ್ಲಿ ಬಳಸಿದರೆ ಒಂದು ಸೌಲಭ್ಯ ಯಾಕೆ ಕಾಣುತ್ತಿಲ್ಲ ಎಂದು ಆಮೇಲೆ ತಲೆ ಕೆರೆದುಕೊಳ್ಳಬೇಕಾದೀತು.

ಫಾಂಟು ಬಂದಮೇಲೆ ಕೊನೆಗೆ ‘ಪ್ರೊಸೆಸಿಂಗ್ ಟ್ರಿಗರ್ಸ್ ಫಾರ್ ಫಾಂಟ್‌ಕಾನ್ಫಿಗ್’ ಎಂದು ಬರುತ್ತದೆ. ಹೊಸ ಫಾಂಟು ಬಂದಿದೆ, ಕ್ಯಾಶ್ ಮತ್ತೆ ಕಟ್ಟಿಕೋ ಎಂದು ಡಿಪಿಕೆಜಿ, ಫಾಂಟುಗಳ ಲೆಕ್ಕ ಇಡುವ ಫಾಂಟ್‌ಕಾನ್ಫಿಗ್‌ಗೆ ಹೇಳುವ ಹೊತ್ತು ಅದು. ‘ಎಫ್‌ಸಿ-ಲಿಸ್ಟ್ :ಲ್ಯಾಂಗ್=ಕೆಎನ್’ ಎಂದರೆ ಕನ್ನಡ ಬಲ್ಲ ಫಾಂಟುಗಳ ಪಟ್ಟಿ ಬರುತ್ತದೆ. ಅದರಲ್ಲಿ ಲೋಹಿತ್ ಇದ್ದೂ ಬಿಲ್ಲಿನಲ್ಲಿ ಚೌಕವೇ ಬರುತ್ತಿದ್ದರೆ ಬಿಲ್ ಮಾಡುವ ಪ್ರೋಗ್ರಾಮನ್ನು ಮರುಚಾಲೂ ಮಾಡಿ. ಅದು ಶುರುವಾದಾಗ ಓದಿಕೊಂಡ ಫಾಂಟುಗಳನ್ನೇ ಹಿಡಿದುಕೊಂಡಿರುತ್ತದೆ. ಗುಬ್ಬಿ, ನವಿಲು ಫಾಂಟುಗಳೂ ಇದೇ ರೀತಿ ಫಾಂಟ್ಸ್-ಗುಬ್ಬಿ, ಫಾಂಟ್ಸ್-ನವಿಲು ಎಂಬ ಹೆಸರಲ್ಲಿ ಸಿಗುತ್ತವೆ. ನವಿಲು ಕೈಬರಹದ ಶೈಲಿಯದು, ಬಿಲ್ಲಿಗೆ ಹೊಂದುವುದಿಲ್ಲ.

ತೆಗೆಯುವುದು

ಹಾಕುವುದಕ್ಕಿಂತ ತೆಗೆಯುವುದರಲ್ಲೇ ಸೂಕ್ಷ್ಮ ಹೆಚ್ಚು. ‘ಆ್ಯಪ್ಟ್ ರಿಮೂವ್’ ಎಂದರೆ ಪ್ರೋಗ್ರಾಮಿನ ಕಡತಗಳು ಹೋಗುತ್ತವೆ, /ಇಟಿಸಿ ಒಳಗಿನ ಕಾನ್ಫಿಗ್ ಕಡತಗಳು ಉಳಿಯುತ್ತವೆ. ನಾಳೆ ಮತ್ತೆ ಹಾಕಿದರೆ ಹಳೆಯ ಸೆಟ್ಟಿಂಗುಗಳೇ ಇರಲಿ ಎಂದು. ‘ಆ್ಯಪ್ಟ್ ಪರ್ಜ್’ ಎಂದರೆ ಅವೂ ಹೋಗುತ್ತವೆ. ‘ಡಿಪಿಕೆಜಿ -ಎಲ್’ ಕೊಡುವ ಪಟ್ಟಿಯಲ್ಲಿ ಸಾಲಿನ ಆರಂಭದ ಎರಡು ಅಕ್ಷರ ನೋಡಿ. ಐಐ ಎಂದಿದ್ದರೆ ಪ್ಯಾಕೇಜು ಸರಿಯಾಗಿ ಇದೆ. ಆರ್‌ಸಿ ಎಂದಿದ್ದರೆ ಪ್ಯಾಕೇಜು ಹೋಗಿದೆ, ಕಾನ್ಫಿಗ್ ಉಳಿದಿದೆ. ಐಯು ಅಥವಾ ಐಎಫ್ ಕಂಡರೆ ಬಿಚ್ಚಿದ ಮೇಲೆ ಎಲ್ಲೋ ಅರ್ಧಕ್ಕೆ ನಿಂತಿದೆ. ನಿಮ್ಮ ಹೋಮ್ ಫೋಲ್ಡರಿನೊಳಗೆ ಚುಕ್ಕಿಯಿಂದ ಶುರುವಾಗುವ ಕಡತಗಳನ್ನು ಮಾತ್ರ ಪರ್ಜ್ ಕೂಡ ಮುಟ್ಟುವುದಿಲ್ಲ. ಅವು ಬಳಕೆದಾರರ ಸೊತ್ತು. ಪರ್ಜ್ ಮಾಡಿ ಮತ್ತೆ ಹಾಕಿದರೂ ಹಳೆಯ ತೊಂದರೆಯೇ ಇದೆ ಎನ್ನುವ ದೂರಿನ ಮೂಲ ಎಷ್ಟೋ ಸಲ ಅಲ್ಲಿರುತ್ತದೆ.

ಎಂಜಿನ್‌ಎಕ್ಸ್ (ಹೊಡೆಯುವಾಗ ಎನ್-ಜಿ-ಐ-ಎನ್-ಎಕ್ಸ್, ನಡುವೆ ಹೈಫನ್ ಇಲ್ಲದೆ) ವೆಬ್ ಸರ್ವರ್‌ನ ಕಾನ್ಫಿಗ್ ಕೆಟ್ಟಿತು ಎಂದು ಕೆಲವರು /ಇಟಿಸಿ/ಎಂಜಿನ್‌ಎಕ್ಸ್ ಫೋಲ್ಡರನ್ನೇ ಅಳಿಸಿ, ರಿಮೂವ್ ಮಾಡಿ ಮತ್ತೆ ಇನ್‌ಸ್ಟಾಲ್ ಮಾಡುತ್ತಾರೆ. ಫೋಲ್ಡರು ವಾಪಸು ಬರುವುದೇ ಇಲ್ಲ, ಸರ್ವರ್ ಏಳುವುದೂ ಇಲ್ಲ. ಕಾನ್ಫಿಗ್ ಕಡತವನ್ನು ನೀವು ಅಳಿಸಿದರೆ ಅದೂ ನೀವು ಬೇಕೆಂದೇ ಮಾಡಿದ ಒಂದು ಬದಲಾವಣೆ ಎಂದು ಡಿಪಿಕೆಜಿ ಗೌರವಿಸುತ್ತದೆ. ಪರ್ಜ್ ಮಾಡಿದರೆ ಅದು ಆ ನೆನಪನ್ನು ಬಿಡುತ್ತದೆ, ಆದರೆ ಇಲ್ಲಿ ಇನ್ನೊಂದು ಗಂಟಿದೆ. ಆ ಕಡತಗಳು ಎಂಜಿನ್‌ಎಕ್ಸ್ ಪ್ಯಾಕೇಜಿನವಲ್ಲ, ಎಂಜಿನ್‌ಎಕ್ಸ್-ಕಾಮನ್ ಎಂಬ ಇನ್ನೊಂದು ಪ್ಯಾಕೇಜಿನವು. ಮೊದಲನೆಯದನ್ನು ಮಾತ್ರ ಪರ್ಜ್ ಮಾಡಿ ಪ್ರಯೋಜನವಿಲ್ಲ. ‘ಆ್ಯಪ್ಟ್ ಪರ್ಜ್ ಎಂಜಿನ್‌ಎಕ್ಸ್ ಎಂಜಿನ್‌ಎಕ್ಸ್-ಕಾಮನ್’ ಎಂದು ಎರಡನ್ನೂ ಹೇಳಿ, ಆಮೇಲೆ ಹಾಕಿ. ಒಂದು ಕಡತ ಯಾವ ಪ್ಯಾಕೇಜಿನದು ಎಂದು ತಿಳಿಯಲು ‘ಡಿಪಿಕೆಜಿ -ಎಸ್’ ಮುಂದೆ ಕಡತದ ಪೂರ್ತಿ ದಾರಿ ಕೊಡಿ. ಇಲ್ಲಿ ಎಸ್ ದೊಡ್ಡಕ್ಷರ. ಒಂದು ಪ್ಯಾಕೇಜು ಏನೇನು ತಂದಿದೆ ಎಂದು ನೋಡಲು ದೊಡ್ಡಕ್ಷರದ ‘-ಎಲ್’.

ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್‌ನಂಥ ಡೇಟಾಬೇಸ್‌ಗಳನ್ನು ಪರ್ಜ್ ಮಾಡುವಾಗ ನಿಮ್ಮ ಡೇಟಾವನ್ನೂ ಅಳಿಸಲೇ ಎಂದು ಕೇಳುತ್ತದೆ. ಬ್ಯಾಕಪ್ ತೆಗೆಯದೆ ಆ ಪ್ರಶ್ನೆಯ ಹತ್ತಿರವೂ ಹೋಗಬೇಡಿ.

ಬೇರೆ ಯಾವುದಕ್ಕೋ ಬೇಕು ಎಂದು ತಾನಾಗಿ ಬಂದ ಪ್ಯಾಕೇಜುಗಳಿಗೆ ಆ್ಯಪ್ಟ್ ‘ಆಟೊ’ ಎಂದು ಗುರುತು ಹಾಕಿರುತ್ತದೆ, ನೀವು ಹೆಸರು ಹಿಡಿದು ಕರೆದವಕ್ಕೆ ‘ಮ್ಯಾನ್ಯುಅಲ್’. ಆಟೊ ಗುರುತಿದ್ದು ಈಗ ಯಾರಿಗೂ ಬೇಡವಾದವನ್ನು ‘ಆ್ಯಪ್ಟ್ ಆಟೊರಿಮೂವ್’ ತೆಗೆಯುತ್ತದೆ. ಅದು ಒಳ್ಳೆಯ ಕಮಾಂಡು, ಆದರೆ ಕಣ್ಣುಮುಚ್ಚಿ ಹೊಡೆಯುವಂಥದ್ದಲ್ಲ. ಯಾರ ಜೊತೆಗೋ ಬಂದ ಒಂದು ಪ್ಯಾಕೇಜನ್ನು ನೀವು ದಿನಾ ಬಳಸುತ್ತಿರಬಹುದು. ಅದು ಆ್ಯಪ್ಟ್‌ಗೆ ಗೊತ್ತಾಗುವುದಿಲ್ಲ. ಅಂಥದ್ದು ಪಟ್ಟಿಯಲ್ಲಿ ಕಂಡರೆ ಎನ್ ಎಂದು ಹೊರಬಂದು ‘ಸುಡೊ ಆ್ಯಪ್ಟ್-ಮಾರ್ಕ್ ಮ್ಯಾನ್ಯುಅಲ್’ ಮುಂದೆ ಅದರ ಹೆಸರು ಕೊಡಿ, ಮತ್ತೆ ಓಡಿಸಿ.

ನಿಂತುಹೋದಾಗ

‘ಕುಡ್ ನಾಟ್ ಗೆಟ್ ಲಾಕ್’ ಎನ್ನುವುದು ಹೆಚ್ಚು ಜನ ನೋಡಿರುವ ಎರರ್. ಬೇರೊಂದು ಪ್ರೋಗ್ರಾಮು ಎರಡನೆಯ ಪಟ್ಟಿಯಲ್ಲಿ ಬರೆಯುತ್ತಿದೆ ಎಂದು ಅರ್ಥ. ಉಬುಂಟುವಿನಲ್ಲಿ ಅದು ಹಿನ್ನೆಲೆಯಲ್ಲಿ ಓಡಿ ತಾನಾಗಿ ಅಪ್‌ಗ್ರೇಡ್ ಮಾಡುವ ಅನ್‌ಅಟೆಂಡೆಡ್-ಅಪ್‌ಗ್ರೇಡ್ಸ್ ಆಗಿರುವುದೇ ಹೆಚ್ಚು. ಯಂತ್ರ ಈಗ ತಾನೇ ಆನ್ ಆಗಿದ್ದರಂತೂ ಬಹುಮಟ್ಟಿಗೆ ಅದೇ. ಹೊಸ ಆವೃತ್ತಿಗಳು ಲಾಕ್ ಹಿಡಿದಿರುವ ಪ್ರೊಸೆಸ್ಸಿನ ಹೆಸರನ್ನೂ ಸಂಖ್ಯೆಯನ್ನೂ ಹೇಳುತ್ತವೆ. ಕಾಯಿರಿ, ಮುಗಿಯುತ್ತದೆ. ಲಾಕ್ ಕಡತವನ್ನು ಅಳಿಸಿ ಎನ್ನುವ ಸಲಹೆ ವರ್ಷಗಳಿಂದ ಓಡಾಡುತ್ತಿದೆ, ಅದು ಅಪಾಯದ್ದು. ಕಡತ ಇರುವುದರಿಂದ ಲಾಕ್ ಆಗುವುದಲ್ಲ, ಓಡುತ್ತಿರುವ ಪ್ರೋಗ್ರಾಮು ಲಿನಕ್ಸ್‌ನ ತಿರುಳಾದ ಕರ್ನೆಲ್‌ನ ಮೂಲಕ ಅದನ್ನು ಹಿಡಿದಿರುವುದರಿಂದ. ನೀವು ಅಳಿಸಿದರೆ ಎರಡನೆಯ ಪ್ರೋಗ್ರಾಮು ಅದೇ ಹೆಸರಿನ ಹೊಸ ಕಡತ ಮಾಡಿ ಅದನ್ನು ಹಿಡಿಯುತ್ತದೆ, ಇಬ್ಬರೂ ಒಂದೇ ಹೊತ್ತಿಗೆ ಸ್ಟೇಟಸ್ ಕಡತಕ್ಕೆ ಬರೆಯುತ್ತಾರೆ. ಆ ಕಡತ ಕೆಟ್ಟಿತೆಂದರೆ ಏನೇನು ಇನ್‌ಸ್ಟಾಲ್ ಆಗಿದೆ ಎಂದು ಯಂತ್ರಕ್ಕೇ ಗೊತ್ತಿಲ್ಲದ ಸ್ಥಿತಿ. ಹಾಗಾಗಿಬಿಟ್ಟಿದ್ದರೆ /ವಾರ್/ಬ್ಯಾಕಪ್ಸ್ ಒಳಗೆ ಡಿಪಿಕೆಜಿ.ಸ್ಟೇಟಸ್ ಹೆಸರಿನ ಹಳೆಯ ಪ್ರತಿಗಳಿರುತ್ತವೆ, ಅಲ್ಲಿಂದ ತರಬಹುದು.

ಇನ್‌ಸ್ಟಾಲ್ ನಡುವೆ ಕರೆಂಟು ಹೋದರೆ ಅಥವಾ ದೂರದ ಯಂತ್ರಕ್ಕೆ ಇರುವ ಎಸ್‌ಎಸ್‌ಎಚ್ ಸಂಪರ್ಕ ಕಡಿದರೆ ಪ್ಯಾಕೇಜುಗಳು ಬಿಚ್ಚಿದ ಸ್ಥಿತಿಯಲ್ಲಿ ನಿಲ್ಲುತ್ತವೆ. ಆಗ ‘ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ’ ಬಾಕಿಯ ಕೆಲಸ ಮುಗಿಸುತ್ತದೆ. ಡಿಪೆಂಡೆನ್ಸಿ ಸಿಗದೆ ನಿಂತಿದ್ದರೆ ‘ಸುಡೊ ಆ್ಯಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್’. ಇದೇ ಅನುಕ್ರಮದಲ್ಲಿ ಮಾಡಿ. ಎರಡನೆಯದರ ಯೋಜನೆಯಲ್ಲಿ ತೆಗೆಯುವ ಪಟ್ಟಿ ಇರಬಹುದು, ವೈ ಒತ್ತುವ ಮುಂಚೆ ಓದಿ. ದೂರದ ಸರ್ವರ್‌ನಲ್ಲಿ ದೊಡ್ಡ ಅಪ್‌ಗ್ರೇಡ್ ಮಾಡುವಾಗ ಟಿಮಕ್ಸ್ ಅಥವಾ ಸ್ಕ್ರೀನ್ ಒಳಗೆ ಮಾಡಿದರೆ ನೆಟ್ ಕಡಿದರೂ ಕೆಲಸ ನಿಲ್ಲುವುದಿಲ್ಲ.

ಮತ್ತೆ ಮತ್ತೆ ಅಲ್ಲೇ ನಿಲ್ಲುತ್ತಿದ್ದರೆ ‘ಡಿಎಫ್ -ಎಚ್’ ಎಂದು ಡಿಸ್ಕ್ ನೋಡಿ. /ಬೂಟ್‌ಗೆ ಬೇರೆ ಪಾರ್ಟಿಷನ್ ಇರುವ ಯಂತ್ರಗಳಲ್ಲಿ ಹಳೆಯ ಕರ್ನೆಲ್‌ಗಳು ಸೇರಿ ಜಾಗ ತುಂಬಿ, ಹೊಸ ಕರ್ನೆಲ್ ಕೂರಲಾಗದೆ ಎಲ್ಲವೂ ಕೆಡುತ್ತದೆ. ‘ಆ್ಯಪ್ಟ್ ಆಟೊರಿಮೂವ್ --ಪರ್ಜ್’ ಹಳೆಯವನ್ನು ತೆಗೆಯುತ್ತದೆ, ಈಗ ಓಡುತ್ತಿರುವುದನ್ನು ಬಿಡುತ್ತದೆ. /ಬೂಟ್ ಒಳಗಿನ ಕಡತಗಳನ್ನು ಆರ್‌ಎಂ ಹಾಕಿ ಅಳಿಸಿದರೆ ಜಾಗವೇನೋ ಆಗುತ್ತದೆ, ಪ್ಯಾಕೇಜು ಇನ್ನೂ ಇದೆ ಎಂದೇ ಪಟ್ಟಿ ಹೇಳುತ್ತಿರುತ್ತದೆ.

‘404’ ಬಂದರೆ ಮೊದಲ ಪಟ್ಟಿ ಹಳತಾಗಿದೆ. ಅದು ಹೇಳಿದ ಆವೃತ್ತಿ ಸರ್ವರ್‌ನಲ್ಲಿ ಈಗಿಲ್ಲ, ಒಂದು ಅಪ್‌ಡೇಟ್ ಸಾಕು. ಅಪ್‌ಡೇಟ್‌ಗೇ 404 ಬಂದರೆ ನಿಮ್ಮ ಉಬುಂಟು ಆವೃತ್ತಿಯ ಕಾಲ ಮುಗಿದಿರಬಹುದು. ಎಲ್‌ಟಿಎಸ್ (ದೀರ್ಘಕಾಲ ಬೆಂಬಲ ಇರುವ ಆವೃತ್ತಿ) ಅಲ್ಲದವಕ್ಕೆ 9 ತಿಂಗಳು ಮಾತ್ರ ಬೆಂಬಲ, ಆಮೇಲೆ ಅವು ಓಲ್ಡ್-ರಿಲೀಸಸ್ ಸರ್ವರ್‌ಗೆ ಹೋಗುತ್ತವೆ. ‘ಅನೇಬಲ್ ಟು ಲೊಕೇಟ್’ ಎಂದರೆ ಹೆಸರು ತಪ್ಪಿದೆ, ಅಥವಾ ಉಬುಂಟುವಿನ ಯೂನಿವರ್ಸ್ ವಿಭಾಗ ಆನ್ ಆಗಿಲ್ಲ. ‘ಸುಡೊ ಆ್ಯಡ್-ಆ್ಯಪ್ಟ್-ರೆಪಾಸಿಟರಿ ಯೂನಿವರ್ಸ್’ ಎಂದು ಆನ್ ಮಾಡಿ. ಕೆಲವು ಪ್ಯಾಕೇಜು ‘ಕೆಪ್ಟ್ ಬ್ಯಾಕ್’ ಎಂದರೆ ಹೆಚ್ಚಾಗಿ ಗಾಬರಿಯ ವಿಷಯವಲ್ಲ. ಉಬುಂಟು ಹೊಸ ಆವೃತ್ತಿಗಳನ್ನು ಎಲ್ಲರಿಗೂ ಒಂದೇ ದಿನ ಕೊಡದೆ ಹಂತ ಹಂತವಾಗಿ ಬಿಡುತ್ತದೆ, ನಿಮ್ಮ ಸರದಿ ಬಂದಾಗ ಬರುತ್ತದೆ.

ಡೌನ್‌ಲೋಡ್ ಮಾಡಿದ ಡೆಬ್ ಕಡತವನ್ನು ಡಿಪಿಕೆಜಿಗೆ ಕೊಡುವ ಬದಲು ಆ್ಯಪ್ಟ್‌ಗೇ ಕೊಡಿ, ಬೇಕಾದ ಉಳಿದವನ್ನೂ ಅದೇ ತರುತ್ತದೆ. ಕಡತದ ಹೆಸರಿಗಿಂತ ಮೊದಲು ಚುಕ್ಕಿ ಮತ್ತು ಓರೆಗೆರೆ ಹಾಕಲು ಮರೆಯಬೇಡಿ, ಇಲ್ಲದಿದ್ದರೆ ಅದನ್ನು ರೆಪಾಸಿಟರಿಯಲ್ಲಿ ಹುಡುಕಿ ಸಿಗಲಿಲ್ಲ ಎನ್ನುತ್ತದೆ. ಪೈಥಾನ್ ಲೈಬ್ರರಿಗಳಿಗೆ ಸುಡೊ ಪಿಪ್ (ಪಿಪ್ ಎಂದರೆ ಪೈಥಾನಿನದೇ ಇನ್‌ಸ್ಟಾಲ್ ಕಮಾಂಡು) ಬೇಡ. ಪಿಪ್ ತರುವುದು ಯಾವುದೂ ಡಿಪಿಕೆಜಿಯ ಪಟ್ಟಿಗೆ ಬರುವುದಿಲ್ಲ, ಆ್ಯಪ್ಟ್ ಹಾಕಿದ ಲೈಬ್ರರಿಯನ್ನು ಅದು ಮರೆಮಾಡಬಹುದು. 2023ರ ಡೆಬಿಯನ್ 12ರಿಂದ ಪಿಪ್ ತಾನೇ ‘ಎಕ್ಸ್‌ಟರ್ನಲಿ ಮ್ಯಾನೇಜ್ಡ್’ ಎಂದು ನಿರಾಕರಿಸುತ್ತದೆ. ಅದನ್ನು ಮುರಿಯುವ ಆಯ್ಕೆ ಹುಡುಕುವ ಬದಲು ವೆನ್ವ್ (ಆ ಕೆಲಸಕ್ಕೆಂದೇ ಬೇರೆ ಇಡುವ ಪೈಥಾನ್ ಫೋಲ್ಡರು) ಮಾಡಿಕೊಳ್ಳಿ. ಇನ್ನು ಉಬುಂಟು 22.04ರಿಂದೀಚೆಗೆ ‘ಆ್ಯಪ್ಟ್ ಇನ್‌ಸ್ಟಾಲ್ ಫೈರ್‌ಫಾಕ್ಸ್’ ಎಂದರೂ ಬರುವುದು ಸ್ನ್ಯಾಪ್, ಅಂದರೆ ಉಬುಂಟುವಿನದೇ ಬೇರೊಂದು ಬಗೆಯ ಪ್ಯಾಕೇಜು. ಅದನ್ನು ತೆಗೆಯಲು ‘ಸ್ನ್ಯಾಪ್ ರಿಮೂವ್’ ಬೇಕು. ಆ್ಯಪ್ಟ್‌ನಲ್ಲಿ ತೆಗೆದೆ, ಐಕಾನ್ ಹಾಗೇ ಇದೆ ಎನ್ನುವವರು ನೋಡಬೇಕಾದದ್ದು ಇದನ್ನೇ.

ಇಷ್ಟಾದರೂ ಒಂದು ದಿನ ನಿನ್ನೆಯವರೆಗೆ ನಡೆಯುತ್ತಿದ್ದದ್ದು ಇವತ್ತು ನಿಂತಿರುತ್ತದೆ. ಆಗ ತೆರೆಯಬೇಕಾದದ್ದು /ವಾರ್/ಲಾಗ್/ಆ್ಯಪ್ಟ್/ಹಿಸ್ಟರಿ.ಲಾಗ್. ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಕಮಾಂಡಿನಿಂದ ಯಾವ ಪ್ಯಾಕೇಜು ಬಂತು, ಹೋಯಿತು, ಆವೃತ್ತಿ ಯಾವುದರಿಂದ ಯಾವುದಕ್ಕೆ ಏರಿತು ಎಂದು ಅದರಲ್ಲಿ ಬರೆದಿರುತ್ತದೆ. ಹಿಂದಿನ ತಿಂಗಳುಗಳದ್ದು ಅದೇ ಫೋಲ್ಡರಿನಲ್ಲಿ ಜಿಝಡ್ ಆಗಿ ಕುಳಿತಿರುತ್ತದೆ, ‘ಝಡ್‌ಲೆಸ್’ ಎಂದು ಓದಬಹುದು. ಹಳೆಯ ಆವೃತ್ತಿಗೆ ಇಳಿಯಲು ‘ಆ್ಯಪ್ಟ್ ಪಾಲಿಸಿ’ಯ ಮುಂದೆ ಹೆಸರು ಕೊಟ್ಟು ಇನ್ನೂ ಯಾವ ಆವೃತ್ತಿಗಳು ಸಿಗುತ್ತವೆ ಎಂದು ನೋಡಿ, ಇನ್‌ಸ್ಟಾಲ್ ಮಾಡುವಾಗ ಹೆಸರಿನ ಪಕ್ಕ ಸಮ ಚಿಹ್ನೆ ಹಾಕಿ ಆ ಆವೃತ್ತಿ ಬರೆಯಿರಿ. ಬಳಿಕ ‘ಸುಡೊ ಆ್ಯಪ್ಟ್-ಮಾರ್ಕ್ ಹೋಲ್ಡ್’ ಎಂದು ತಡೆಹಿಡಿದರೆ ಮುಂದಿನ ಅಪ್‌ಗ್ರೇಡಿನಲ್ಲಿ ಅದು ಮತ್ತೆ ಮೇಲೇರುವುದಿಲ್ಲ. ಸೆಕ್ಯುರಿಟಿ ತಿದ್ದುಪಡಿಗಳೂ ಅದಕ್ಕೆ ಬರುವುದಿಲ್ಲ, ಆದ್ದರಿಂದ ತೊಂದರೆ ಬಗೆಹರಿದ ದಿನವೇ ‘ಅನ್‌ಹೋಲ್ಡ್’ ಮಾಡಿ.